ಹಳೆಯ ಟರ್ನ್‌ಟೇಬಲ್ ಕೊರಿಯರ್‌ನಲ್ಲಿ ತರಿಸುವುದು ಹೇಗೆ: ಬಿಚ್ಚುವುದು, ಸುತ್ತುವುದು, ಎರಡು ಪೆಟ್ಟಿಗೆ ತೊಡಿಸುವುದು

ಆನ್‌ಲೈನ್‌ನಲ್ಲಿ ಕೊಂಡ ಹಳೆಯ ಟರ್ನ್‌ಟೇಬಲ್, ಅಂದರೆ ರೆಕಾರ್ಡ್ ಪ್ಲೇಯರ್, ಒಡೆದು ಬಂದರೆ ಎಲ್ಲರೂ ಮೊದಲು ಬೈಯುವುದು ಕೊರಿಯರ್‌ನವರನ್ನು. ಪೆಟ್ಟಿಗೆಯನ್ನು ಎತ್ತಿ ಹಾಕಿರುತ್ತಾರೆ, ಸುಳ್ಳಲ್ಲ. ಆದರೆ ಒಡೆದದ್ದನ್ನು ಬಿಚ್ಚಿ ನೋಡಿದರೆ ಕಥೆ ಬೇರೆಯೇ ಇರುತ್ತದೆ: ತೆಗೆಯದೆ ಬಿಟ್ಟ ಪ್ಲ್ಯಾಟರ್ (ರೆಕಾರ್ಡ್ ಕೂರುವ, ತಿರುಗುವ ತಟ್ಟೆ), ಕಳಚದೆ ಬಿಟ್ಟ ಕೌಂಟರ್‌ವೇಟ್ (ತೋಳಿನ ಹಿಂಬದಿಯ ಸಮತೂಕದ ಗುಂಡು), ಕಟ್ಟದೆ ಬಿಟ್ಟ ಟೋನ್‌ಆರ್ಮ್ (ಮುಳ್ಳು ಹೊತ್ತ ತೋಳು). ಯಂತ್ರವನ್ನು ಅದರ ಸ್ವಂತ ಭಾರವೇ ಹೊಡೆದು ಹಾಕಿರುತ್ತದೆ.

ಮಾರುವವರನ್ನೂ ದೂರಿ ಪ್ರಯೋಜನವಿಲ್ಲ. ಅಜ್ಜನ ಸೆಟ್ ಮಾರುತ್ತಿರುವ ಮೊಮ್ಮಗನಿಗೆ ಪ್ಲ್ಯಾಟರ್ ಎತ್ತಿದರೆ ಕೈಗೆ ಬರುತ್ತದೆ ಎಂಬುದೇ ಗೊತ್ತಿರುವುದಿಲ್ಲ. ಆದ್ದರಿಂದ ಪ್ಯಾಕಿಂಗ್‌ನ ಹೊಣೆ ಕೊಳ್ಳುವವರದು. ಹೇಗೆ ಬಿಚ್ಚಬೇಕು, ಏನು ತರಬೇಕು, ಯಾವ ಫೋಟೊ ಕಳಿಸಬೇಕು ಎಂದು ನೀವೇ ಬರೆದು ಕೊಡಬೇಕು. ಕೆಳಗಿನದನ್ನು ಹಾಗೆಯೇ ಮಾರುವವರಿಗೆ ಕಳಿಸಬಹುದು. ಅಳತೆಗೆ ಮಾದರಿಯಾಗಿ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಇಟ್ಟುಕೊಂಡಿದ್ದೇವೆ. 1979ರಲ್ಲಿ ಬಂದ ಈ ಮಾದರಿ 12.5 ಕಿಲೋ ತೂಗುತ್ತದೆ, ಅಗಲ 45.3, ಆಳ 36, ಎತ್ತರ 16.2 ಸೆಂ.ಮೀ. ನಿಮ್ಮದು ಬೇರೆ ಕಂಪನಿಯದಾದರೆ ಅಳತೆ ಬದಲಾಗುತ್ತದೆ, ಕ್ರಮ ಅದೇ.

ಬಿದ್ದಾಗ ಆಗುವುದೇನು

ಪೆಟ್ಟಿಗೆ ಬೀಳುತ್ತದೆ ಎಂದುಕೊಂಡೇ ಶುರುಮಾಡಿ. ಪ್ಯಾಕಿಂಗ್ ಪರೀಕ್ಷೆಗೆ ಐಎಸ್‌ಟಿಎ ಸಂಸ್ಥೆ ರೂಪಿಸಿದ 1ಎ ಎಂಬ ಕ್ರಮವಿದೆ. ಅದರ ಪ್ರಕಾರ ಸುಮಾರು 10ರಿಂದ 18 ಕಿಲೋ ತೂಕದ ಪೆಟ್ಟಿಗೆಯನ್ನು 61 ಸೆಂ.ಮೀ. ಎತ್ತರದಿಂದ ಹತ್ತು ಸಲ ಬೀಳಿಸಿ ನೋಡುತ್ತಾರೆ: ಒಂದು ಮೂಲೆ, ಮೂರು ಅಂಚು, ಆರು ಮುಖ. ನಿಮ್ಮ ಪೆಟ್ಟಿಗೆಯೂ ಅಷ್ಟನ್ನು ತಾಳಬೇಕು.

ಲೆಕ್ಕ ಸುಲಭ. ಬಿದ್ದ ಎತ್ತರವನ್ನು ನಿಲ್ಲಲು ಸಿಕ್ಕ ದೂರದಿಂದ ಭಾಗಿಸಿ. 60 ಸೆಂ.ಮೀ. ಬಿದ್ದ ಯಂತ್ರ ಫೋಮ್‌ನಲ್ಲಿ 2 ಸೆಂ.ಮೀ. ಹೂತು ನಿಂತರೆ ಅದರ ಮೇಲಿನ ಹೊರೆ ಸರಾಸರಿ ತೂಕದ 30 ಪಟ್ಟು. ತೆಳು ಬಬಲ್ ರ್ಯಾಪ್ ಒಡೆದು ಅರ್ಧ ಸೆಂ.ಮೀ.ನಲ್ಲಿ ನಿಂತರೆ 120 ಪಟ್ಟು. ಎಸ್‌ಎಲ್-1200ರ ಪ್ಲ್ಯಾಟರ್ ಒಂದೇ ಸುಮಾರು 1.7 ಕಿಲೋ. ಅದನ್ನು ತೆಗೆಯದೆ ಕಳಿಸಿದರೆ ಆ ಒಂದು ಕ್ಷಣ ಬೆರಳು ದಪ್ಪವೂ ಇಲ್ಲದ ಸ್ಪಿಂಡಲ್ (ಪ್ಲ್ಯಾಟರ್ ಕೂರುವ ನಡುಗೂಟ) ಮೇಲೆ 200 ಕಿಲೋ ಕೂರುತ್ತದೆ. ಹಿಂಬದಿಯ ಕೌಂಟರ್‌ವೇಟ್ ನೂರು ಗ್ರಾಂನದು ಎಂದುಕೊಂಡರೂ 12 ಕಿಲೋ ಆಗಿ ಟೋನ್‌ಆರ್ಮ್‌ನ ಬೇರಿಂಗನ್ನು ಗುದ್ದುತ್ತದೆ. ಸಾಸಿವೆ ಕಾಳಿಗಿಂತ ಸಣ್ಣ ಉಕ್ಕಿನ ಗುಂಡುಗಳಿರುವ ಬೇರಿಂಗ್ ಅದು. ಹೊರಗೆ ಗೀರೂ ಕಾಣದೆ ಒಳಗೆ ಗುಳಿ ಬೀಳುತ್ತದೆ. ಆಮೇಲೆ ಹಾಡಿನ ನಡುವೆ ಮುಳ್ಳು ಒಂದೇ ಜಾಗದಲ್ಲಿ ತಡವರಿಸಿದಾಗಲೇ ಗೊತ್ತಾಗುವುದು.

ಇಲ್ಲಿಂದ ಹೊರಡುವ ನಿಯಮ ಎರಡೇ. ಭಾರವಾದದ್ದು ಯಾವುದೂ ಸೂಕ್ಷ್ಮವಾದದ್ದರ ಮೇಲೆ ಕೂತಿರಬಾರದು. ಯಂತ್ರಕ್ಕೆ ನಿಧಾನವಾಗಿ ನಿಲ್ಲಲು ಎಲ್ಲ ಕಡೆಯಿಂದಲೂ ದೂರ ಸಿಗಬೇಕು. ಫೋಮ್ ತನ್ನ ದಪ್ಪದ ಅರ್ಧದಷ್ಟು ಮಾತ್ರ ಉಪಯೋಗಕ್ಕೆ ಬರುವಂತೆ ಕುಗ್ಗುತ್ತದೆ, ಹಾಗಾಗಿ 2 ಸೆಂ.ಮೀ. ದೂರ ಬೇಕೆಂದರೆ 4-5 ಸೆಂ.ಮೀ. ದಪ್ಪದ ಫೋಮ್ ಬೇಕು.

ಹಣ ಕಳಿಸುವ ಮೊದಲು

ಓಡುತ್ತಿರುವ ಯಂತ್ರದ ಒಂದು ನಿಮಿಷದ ವಿಡಿಯೊ ಕೇಳಿ. ಪ್ಲ್ಯಾಟರ್ ಅಂಚಿನ ಸ್ಟ್ರೋಬ್ ಚುಕ್ಕೆಗಳು (ವೇಗ ಸರಿಯಿದೆಯೇ ಎಂದು ತೋರಿಸುವವು) ನಿಂತಂತೆ ಕಾಣಬೇಕು, ಟೋನ್‌ಆರ್ಮ್ ಹತ್ತಿರದಿಂದ ಕಾಣಬೇಕು. ಆಮೇಲೆ ತಕರಾರು ಬಂದರೆ ದಾರಿಯಲ್ಲಿ ಹಾಳಾದದ್ದೋ ಮೊದಲೇ ಹಾಳಾಗಿತ್ತೋ ಎಂಬುದಕ್ಕೆ ಇದೇ ಸಾಕ್ಷಿ.

ಹಿಂಬದಿಯ ವೋಲ್ಟೇಜ್ ಚೀಟಿಯ ಫೋಟೊ ಕೇಳಿ. ಜಪಾನ್ ಮಾರುಕಟ್ಟೆಯ ಸೆಟ್ 100 ವೋಲ್ಟ್‌ನದು. ನಮ್ಮ 230 ವೋಲ್ಟ್‌ಗೆ ನೇರ ಸಿಕ್ಕಿಸಿದರೆ ಕೊರಿಯರ್‌ನವರು ಬಿಟ್ಟದ್ದನ್ನು ನೀವೇ ಮುಗಿಸಿದಂತೆ. ಅಮೆರಿಕದಿಂದ ಬಂದ, ಪ್ಲ್ಯಾಟರನ್ನು ಬೆಲ್ಟ್‌ನಿಂದ ತಿರುಗಿಸುವ ಯಂತ್ರದಲ್ಲಿ ಇನ್ನೊಂದು ತೊಡಕು: 60 ಹರ್ಟ್ಸ್‌ಗೆ ಮಾಡಿದ, ಕರೆಂಟಿನ ಹರ್ಟ್ಸ್‌ಗೆ ತಕ್ಕಂತೆ ಸುತ್ತುವ ಎಸಿ ಸಿಂಕ್ರೊನಸ್ ಮೋಟರ್ ಇಲ್ಲಿನ 50 ಹರ್ಟ್ಸ್‌ನಲ್ಲಿ ಆರನೇ ಒಂದು ಭಾಗ ನಿಧಾನವಾಗುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಸರಿಮಾಡುತ್ತದೆ, ವೇಗವನ್ನಲ್ಲ.

ಕೊನೆಯದಾಗಿ ವ್ಯವಹಾರ. ಪ್ಯಾಕಿಂಗ್ ಸಾಮಾನಿನ ಖರ್ಚು ನಿಮ್ಮದೇ ಎಂದು ಮೊದಲೇ ಹೇಳಿಬಿಡಿ. ಜಿಪುಣತನ ತೋರುವ ಜಾಗ ಇದಲ್ಲ. ಮುಂಗಡ ಕೊಟ್ಟು, ಬಾಕಿಯನ್ನು ನಾಲ್ಕು ಫೋಟೊ ಬಂದ ಮೇಲೆ ಕೊಡುವ ಮಾತಾಗಲಿ: ಬಿಚ್ಚಿದ ಭಾಗಗಳೆಲ್ಲ ಮೇಜಿನ ಮೇಲೆ ಹರಡಿರುವುದು, ಕಟ್ಟಿದ ಟೋನ್‌ಆರ್ಮ್, ಮುಚ್ಚುವ ಮೊದಲು ಒಳಪೆಟ್ಟಿಗೆ, ಮುಚ್ಚುವ ಮೊದಲು ಹೊರಪೆಟ್ಟಿಗೆ.

ಬಿಚ್ಚುವ ಕ್ರಮ

ಅನುಕ್ರಮ ಮುಖ್ಯ. ಮುಳ್ಳು ಮೊದಲು, ಪ್ಲ್ಯಾಟರ್ ಆಮೇಲೆ.

1. ಪ್ಲಗ್ ತೆಗೆಯಿರಿ. ಸ್ಟೈಲಸ್‌ಗೆ, ಅಂದರೆ ಮುಳ್ಳಿಗೆ, ಗಾರ್ಡ್ ಇದ್ದರೆ ಹಾಕಿ. ಒಂದು ಕೈಯಲ್ಲಿ ಟೋನ್‌ಆರ್ಮ್ ಹಿಡಿದು, ಹೆಡ್‌ಶೆಲ್ (ತೋಳಿನ ತುದಿಯ, ಮುಳ್ಳು ಹೊತ್ತ ತಲೆ) ಹಿಂದಿನ ಬಳೆಯನ್ನು ಸಡಿಲಿಸಿ ಹೆಡ್‌ಶೆಲ್ಲನ್ನು ನೇರವಾಗಿ ಮುಂದಕ್ಕೆ ಎಳೆಯಿರಿ. ರೆಗಾದಂಥ ಯಂತ್ರಗಳಲ್ಲಿ ಹೆಡ್‌ಶೆಲ್ ಕಳಚುವುದಿಲ್ಲ. ಅಲ್ಲಿ ಕಾರ್ಟ್ರಿಡ್ಜ್ (ಮುಳ್ಳು ಸಿಕ್ಕಿಸಿದ ಪುಟ್ಟ ಭಾಗ) ಮೂವಿಂಗ್ ಮ್ಯಾಗ್ನೆಟ್ ಬಗೆಯದಾಗಿದ್ದರೆ ಮುಳ್ಳಿನ ಭಾಗವನ್ನು ಮಾತ್ರ ಎಳೆದು ತೆಗೆದು ಪುಟ್ಟ ಗಟ್ಟಿ ಡಬ್ಬಿಯಲ್ಲಿಡಿ. ಮಾತ್ರೆ ಡಬ್ಬಿ ಸರಿಯಾಗಿ ಹೊಂದುತ್ತದೆ.

2. ಆ್ಯಂಟಿಸ್ಕೇಟಿಂಗ್ (ಆರ್ಮ್ ಒಳಕ್ಕೆ ಜಾರದಂತೆ ತಡೆಯುವ ಹೊಂದಾಣಿಕೆ) ಸೊನ್ನೆಗೆ ತನ್ನಿ. ಕೌಂಟರ್‌ವೇಟನ್ನು ತಿರುಗಿಸುತ್ತಾ ಹಿಂದಕ್ಕೆ ಪೂರ್ತಿ ಕಳಚಿ. ಆರ್ಮ್‌ನ ಎತ್ತರ ಹೊಂದಿಸುವ ಬಳೆ ಇದ್ದರೆ ಅದರ ಲಾಕ್ ಬಿಗಿಯಿರಿ.

3. ಟೋನ್‌ಆರ್ಮನ್ನು ಅದರ ಆಸರೆಯ ಮೇಲೆ ಕೂರಿಸಿ ಕ್ಲಿಪ್ ಹಾಕಿ. ಕ್ಲಿಪ್ ಒಂದನ್ನೇ ನಂಬಬೇಡಿ, ಮೊದಲ ಏಟಿಗೇ ಅದು ಬಾಯಿ ಬಿಡುತ್ತದೆ. ಮೆತ್ತನೆಯ ಹತ್ತಿ ದಾರ ಅಥವಾ ತೆಳು ವೆಲ್ಕ್ರೊ ಪಟ್ಟಿಯಿಂದ ಆರ್ಮನ್ನೂ ಆಸರೆಯನ್ನೂ ಸೇರಿಸಿ ಎರಡು ಸುತ್ತು ಕಟ್ಟಿ. ರಬ್ಬರ್ ಬ್ಯಾಂಡ್ ಬೇಡ, ಲಾರಿಯ ಬಿಸಿಗೆ ಕರಗಿ ಅಂಟಿಕೊಳ್ಳುತ್ತದೆ. ಸೆಲೋ ಟೇಪ್ ಅಂತೂ ಬೇಡವೇ ಬೇಡ, ಬಿಡಿಸುವಾಗ ಬಣ್ಣ ಕಿತ್ತುಬರುತ್ತದೆ.

4. ಡಸ್ಟ್ ಕವರ್ ತೆರೆದು, ಎರಡೂ ಹಿಂಜ್ ಹತ್ತಿರ ಹಿಡಿದು, ನೇರ ಮೇಲಕ್ಕೆ ಎಳೆಯಿರಿ. ಓರೆಯಾಗಿ ಎಳೆದರೆ ಹಿಂಜ್ ಕೂರುವ ಮೂಲೆ ಸೀಳುತ್ತದೆ. ಹಳೆಯ ಕವರ್‌ಗಳಲ್ಲಿ ಮೊದಲೇ ಬಿರುಕಿರುವುದೂ ಅಲ್ಲೇ.

5. ರಬ್ಬರ್ ಮ್ಯಾಟ್ ತೆಗೆದು, ಪ್ಲ್ಯಾಟರ್‌ನ ಎರಡು ತೂತುಗಳಲ್ಲಿ ಬೆರಳು ಹಾಕಿ ನೇರವಾಗಿ ಎತ್ತಿ. ಅಂಟಿಕೊಂಡಿದ್ದರೆ ಸ್ವಲ್ಪ ಸ್ವಲ್ಪವೇ ಸುತ್ತಿಸುತ್ತಾ ಎತ್ತಬೇಕು, ಸ್ಕ್ರೂಡ್ರೈವರ್‌ನಿಂದ ಮೀಟಬಾರದು. ಎಂಕೆ2ರಲ್ಲಿ ಪ್ಲ್ಯಾಟರ್ ಅಡಿಯಲ್ಲೇ ಮೋಟರ್‌ನ ಅಯಸ್ಕಾಂತವಿದೆ, ನೆಲಕ್ಕಿಟ್ಟರೆ ಕಬ್ಬಿಣದ ಚೂರುಗಳನ್ನೆಲ್ಲ ಎಳೆದುಕೊಳ್ಳುತ್ತದೆ. ಸ್ವಚ್ಛ ಬಟ್ಟೆಯ ಮೇಲೆ, ಅಯಸ್ಕಾಂತ ಮೇಲ್ಮುಖವಾಗಿ ಇಡಿ. ಯಂತ್ರದಲ್ಲಿ ಈಗ ಬಯಲಾದ ಮೋಟರ್‌ನ ತಂತಿ ಸುರುಳಿಗಳ ಮೇಲೆ ವೃತ್ತಾಕಾರದ ತೆಳು ಫೋಮ್ ಹಾಸಿ.

6. ಬೆಲ್ಟ್ ಯಂತ್ರವಾದರೆ ಬೆಲ್ಟ್ ತೆಗೆದು ಜಿಪ್ ಚೀಲಕ್ಕೆ ಹಾಕಿ. ಒಳಗಿನ ಸಬ್‌ಪ್ಲ್ಯಾಟರನ್ನೂ (ಪ್ಲ್ಯಾಟರ್ ಅಡಿಯ ಸಣ್ಣ ತಟ್ಟೆ) ಹೊರತೆಗೆದರೆ ಅದರ ಗೂಟ ಇಳಿಯುವ ಬೇರಿಂಗ್ ಬಾವಿಯ ಬಾಯಿ ಮುಚ್ಚಬೇಕು, ಇಲ್ಲದಿದ್ದರೆ ಎಣ್ಣೆ ದಾರಿಯುದ್ದಕ್ಕೂ ಚೆಲ್ಲುತ್ತದೆ.

7. ಥೋರೆನ್ಸ್ ಟಿಡಿ 160, ಲಿನ್ ಎಲ್‌ಪಿ12, ಹಳೆಯ ಡ್ಯುಯಲ್ ಇವೆಲ್ಲ ಸ್ಪ್ರಿಂಗ್ ಮೇಲೆ ತೇಲುವಂಥವು. ಸಾಗಣೆಯ ಸ್ಕ್ರೂ ಇರುವ ಮಾದರಿಗಳಲ್ಲಿ ಅವನ್ನು ಬಿಗಿಯಬೇಕು. ಸ್ಕ್ರೂ ಇಲ್ಲದಿದ್ದರೆ, ಕಳೆದುಹೋಗಿದ್ದರೆ, ತೇಲುವ ಭಾಗಕ್ಕೂ ಚೌಕಟ್ಟಿಗೂ ನಡುವೆ ಗಟ್ಟಿ ಫೋಮ್ ತುಂಡುಗಳನ್ನು ತುರುಕಿ. ಪರೀಕ್ಷೆ ಒಂದೇ: ಬೆರಳಲ್ಲಿ ಒತ್ತಿದರೆ ಅದು ತೂಗಬಾರದು.

8. ವೈರುಗಳನ್ನು ಸುರುಳಿ ಮಾಡಿ ಕಟ್ಟಿ, ಪ್ಲಗ್‌ನ ಹಿತ್ತಾಳೆ ಕಾಲುಗಳಿಗೆ ಫೋಮ್ ಸುತ್ತಿ. ಎಲ್ಲರೂ ಮರೆಯುವ ಹೆಜ್ಜೆ ಇದು. ಡಸ್ಟ್ ಕವರ್ ಮೇಲಿನ ಆಳವಾದ ಗೀರುಗಳಲ್ಲಿ ಬಹುಪಾಲು ಆ ಪ್ಲಗ್‌ನವೇ.

ಬೇಕಾದ ಸಾಮಾನು

ಒಳಗೆ 5 ಪ್ಲೈ (ಐದು ಪದರದ) ರಟ್ಟಿನ ಪೆಟ್ಟಿಗೆ, 53 × 44 × 30 ಸೆಂ.ಮೀ. ಹೊರಗೆ 7 ಪ್ಲೈ ಪೆಟ್ಟಿಗೆ, ಹೊರ ಅಳತೆ 65 × 56 × 42. ಎರಡೂ ಹೊಸವೇ ಆಗಬೇಕು. ಒಮ್ಮೆ ತೇವ ಕುಡಿದ ರಟ್ಟಿಗೆ ಮೊದಲಿನ ಬಲವಿರುವುದಿಲ್ಲ. ಇಪಿಇ (ಪಾಲಿಥೀನ್) ಫೋಮ್ ಹಾಳೆ ಎರಡು, ತಲಾ 1 × 2 ಮೀಟರ್: ಹೊರಗಿನ ಸುತ್ತಿಗೆ 50 ಮಿ.ಮೀ. ದಪ್ಪದ್ದು, ಒಳಗಿನದಕ್ಕೆ 25 ಮಿ.ಮೀ.ನದು. ಜತೆಗೆ ತೆಳು ಫೋಮ್ ಹಾಳೆ ನಾಲ್ಕೈದು ಮೀಟರ್, ಬಬಲ್ ರ್ಯಾಪ್ 5 ಮೀಟರ್, 72 ಮಿ.ಮೀ. ಅಗಲದ ಪ್ಯಾಕಿಂಗ್ ಟೇಪ್ ಒಂದು ಉರುಳೆ, ದಪ್ಪ ಪಾಲಿಥೀನ್ ಚೀಲ, ಸಿಲಿಕಾ ಜೆಲ್ ನಾಲ್ಕಾರು ಪೊಟ್ಟಣ.

ಥರ್ಮಾಕೋಲ್ ಯಾಕೆ ಬೇಡ? ಕಂಪನಿಯವರು ಯಂತ್ರದ ಆಕಾರಕ್ಕೇ ಎರಕ ಹೊಯ್ದ ಥರ್ಮಾಕೋಲ್ ಬೇರೆ, ಅಂಗಡಿಯ ಹಾಳೆ ಬೇರೆ. ಹಾಳೆ ಒಂದೇ ಏಟಿಗೆ ಮುರಿಯುತ್ತದೆ, ಎರಡನೆಯ ಏಟಿಗೆ ಅಲ್ಲೇನೂ ಉಳಿದಿರುವುದಿಲ್ಲ. ಉದುರಿದ ಕಾಳುಗಳು ಮೋಟರ್ ಸಂದಿಗೂ ಬೇರಿಂಗ್‌ಗೂ ಸೇರಿದರೆ ಹೆಕ್ಕಿ ಮುಗಿಯುವುದಿಲ್ಲ. ಇನ್ನು ಉಂಡೆ ಮಾಡಿದ ಪತ್ರಿಕೆ: ಹುಬ್ಬಳ್ಳಿಯಲ್ಲಿ ಬಿಗಿಯಾಗಿ ತುಂಬಿದ್ದು ತುಮಕೂರು ದಾಟುವಷ್ಟರಲ್ಲಿ ಕುಸಿದು, ಯಂತ್ರ ಗಲಗಲ ಎನ್ನುತ್ತಿರುತ್ತದೆ. ಬಬಲ್ ರ್ಯಾಪ್ ಹಗುರ ಭಾಗಗಳಿಗೆ ಒಳ್ಳೆಯದು. ಹನ್ನೆರಡು ಕಿಲೋದ ಅಂಚು ಅದರ ಮೇಲೆ ಬಿದ್ದರೆ ಗುಳ್ಳೆಗಳು ಪಟಪಟನೆ ಒಡೆದು ಬರೀ ಪ್ಲಾಸ್ಟಿಕ್ ಹಾಳೆ ಉಳಿಯುತ್ತದೆ. ಅದನ್ನು ಡಸ್ಟ್ ಕವರ್‌ಗೋ ಪಾಲಿಶ್ ಮಾಡಿದ ಮರಕ್ಕೋ ನೇರವಾಗಿ ಸುತ್ತಿದರೆ ಬಿಸಿಗೆ ಗುಳ್ಳೆಯ ಅಚ್ಚು ಮೂಡುವುದೂ ಉಂಟು, ಆದ್ದರಿಂದ ಮೊದಲು ತೆಳು ಫೋಮ್.

ಫೋಮ್ ಆರಿಸುವಾಗ ಹೆಬ್ಬೆರಳಿನಿಂದ ಒತ್ತಿ ನೋಡಿ. ಕುಗ್ಗಿ ಮತ್ತೆ ಏಳಬೇಕು. ಹಲಗೆಯಂತೆ ಗಟ್ಟಿಯಾಗಿದ್ದರೆ ಏಟನ್ನು ಹಾಗೆಯೇ ದಾಟಿಸುತ್ತದೆ. ಹಾಸಿಗೆಯ ಸ್ಪಂಜಿನಂತಿದ್ದರೆ ಯಂತ್ರ ತಳ ಮುಟ್ಟುತ್ತದೆ.

ಒಳಪೆಟ್ಟಿಗೆ

ತಳಕ್ಕೆ 25 ಮಿ.ಮೀ. ಫೋಮ್. ಅದರ ಮೇಲೆ ಪ್ಲ್ಯಾಟರ್; ಸುತ್ತಲೂ ಅದೇ ಅಳತೆಗೆ ದುಂಡಗೆ ಕತ್ತರಿಸಿದ ಫೋಮ್ ಚೌಕಟ್ಟು, ಪಕ್ಕಕ್ಕೆ ಜಾರದಂತೆ. ಭಾರದ ಪ್ಲ್ಯಾಟರ್ ಯಾವತ್ತೂ ಯಂತ್ರದ ಕೆಳಗಿರಬೇಕು. ಮೇಲಿಟ್ಟರೆ ಟೋನ್‌ಆರ್ಮ್ ತಲೆಯ ಮೇಲೆ ಸುತ್ತಿಗೆ ತೂಗುಹಾಕಿದಂತೆ. ಗಾಜಿನ ಪ್ಲ್ಯಾಟರ್ ಆದರೆ ಇಲ್ಲಿ ಇಡಲೇಬೇಡಿ, ಎರಡು ರಟ್ಟಿನ ನಡುವೆ ಕಟ್ಟಿ ಬೇರೆ ಪಾರ್ಸೆಲ್ ಮಾಡಿಸಿ.

ಪ್ಲ್ಯಾಟರ್ ಮೇಲೆ ಎರಡು ಪದರ 5 ಪ್ಲೈ ರಟ್ಟು, ಅದರ ಮೇಲೆ ಇನ್ನೊಂದು ಫೋಮ್. ಈ ಫೋಮ್‌ನಲ್ಲಿ ಯಂತ್ರದ ನಾಲ್ಕು ಕಾಲುಗಳಿಗೆ ತೂತು ಕತ್ತರಿಸಿ. ಕಾಲಿನ ಮೇಲೆಯೇ ನಿಂತರೆ ಏಟೆಲ್ಲ ಆ ನಾಲ್ಕು ಬಿಂದುಗಳಿಗೆ ಹೋಗುತ್ತದೆ. ತೂತಿನಲ್ಲಿ ಕಾಲು ಇಳಿದು ತಳ ಪೂರ್ತಿ ಫೋಮ್ ಮೇಲೆ ಕೂತರೆ ಭಾರ ಹಂಚಿಹೋಗುತ್ತದೆ. ಯಂತ್ರವನ್ನು ತೆಳು ಫೋಮ್‌ನಲ್ಲಿ ಸುತ್ತಿ, ಸಿಲಿಕಾ ಜೆಲ್ ಜತೆ ಪಾಲಿಥೀನ್ ಚೀಲಕ್ಕೆ ಹಾಕಿ ಇಲ್ಲಿ ಕೂರಿಸಿ. ಮಳೆಗಾಲದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿ, ಮಲೆನಾಡಿನತ್ತ ಹೋಗುವ ಪಾರ್ಸೆಲ್‌ಗೆ ಒಳಪೆಟ್ಟಿಗೆಯ ಹೊರಗೂ ಒಂದು ಪ್ಲಾಸ್ಟಿಕ್ ಸುತ್ತು ಇರಲಿ.

ಮೇಲ್ಭಾಗಕ್ಕೆ ಹಾಳೆ ಹಾಸಬೇಡಿ. ಯಂತ್ರದ ನಾಲ್ಕು ಮೂಲೆಗಳಲ್ಲಿ ಪೆಟ್ಟಿಗೆಯ ಮುಚ್ಚಳ ಮುಟ್ಟುವಷ್ಟು ಎತ್ತರದ ಫೋಮ್ ಕಂಬಗಳನ್ನು ನಿಲ್ಲಿಸಿ. ಟೋನ್‌ಆರ್ಮ್ ಇರುವ ಮೂಲೆಯಲ್ಲಿ ಕಂಬವನ್ನು ಚೌಕಟ್ಟಿನ ಅಂಚಿಗೆ ಸರಿಸಿ. ಆರ್ಮ್ ಸುತ್ತ ಗಾಳಿ ಬಿಟ್ಟು ಬೇರೇನೂ ಇರಬಾರದು. ಅಕ್ಕರೆಯಿಂದ ಆರ್ಮ್‌ಗೇ ನಾಲ್ಕು ಸುತ್ತು ಬಬಲ್ ಸುತ್ತಿ ಒತ್ತಿ ಮುಚ್ಚುವವರಿದ್ದಾರೆ, ಬಗ್ಗುವುದು ಆಗಲೇ. ಕೌಂಟರ್‌ವೇಟ್, ಹೆಡ್‌ಶೆಲ್, 45 ಆರ್‌ಪಿಎಂ ರೆಕಾರ್ಡ್‌ಗಳ ಅಡಾಪ್ಟರ್ ಬೇರೆ ಬೇರೆ ಸುತ್ತಿ, ಒಂದು ಸಣ್ಣ ಡಬ್ಬಿಯಲ್ಲಿಟ್ಟು, ತಳದ ಫೋಮ್ ಮೂಲೆಯಲ್ಲಿ ಗೂಡು ಕತ್ತರಿಸಿ ಸಿಕ್ಕಿಸಿ. ಡಸ್ಟ್ ಕವರ್ ಬೇರೆ ಪಾರ್ಸೆಲ್ ಆದರೆ ಉತ್ತಮ. ಒಂದೇ ಪೆಟ್ಟಿಗೆ ಬೇಕೆಂದರೆ ಎರಡೂ ಪೆಟ್ಟಿಗೆಗಳ ಎತ್ತರಕ್ಕೆ 8 ಸೆಂ.ಮೀ. ಸೇರಿಸಿ, ಕವರ್‌ನ ಒಳಹೊಟ್ಟೆಗೆ ಹಗುರ ಫೋಮ್ ತುಂಬಿ, ಕಂಬಗಳ ಮೇಲೊಂದು ರಟ್ಟಿನ ತಟ್ಟೆಯಲ್ಲಿಡಿ.

ಹೊರಪೆಟ್ಟಿಗೆ

ಆರೂ ಕಡೆ 50 ಮಿ.ಮೀ. ಫೋಮ್. ಒಳಪೆಟ್ಟಿಗೆ ಸ್ವಲ್ಪ ಬಿಗಿಯಾಗಿಯೇ ಇಳಿಯಬೇಕು. ಮುಚ್ಚಿದ ಮೇಲೆ ಮುಚ್ಚಳ ಕೊಂಚ ಉಬ್ಬಿದರೂ ಪರವಾಗಿಲ್ಲ, ತಗ್ಗಬಾರದು. ಟೇಪನ್ನು ನಡುವಿನ ಸೀಳಿಗೂ ಎರಡು ಪಕ್ಕದ ಅಂಚುಗಳಿಗೂ, ಇಂಗ್ಲಿಷಿನ ಎಚ್ ಆಕಾರದಲ್ಲಿ, ಮೇಲೂ ಕೆಳಗೂ ಹಚ್ಚಿ. ಈಗ ಪೆಟ್ಟಿಗೆ ಎತ್ತಿ ನಾಲ್ಕೂ ಕಡೆ ವಾಲಿಸಿ ಕಿವಿಗೊಡಿ. ಟಕ್ ಎಂದರೂ ಸಾಕು, ಬಿಚ್ಚಿ ಮತ್ತೆ ಕಟ್ಟಬೇಕು.

ಬಾಣದ ಗುರುತು, ಗಾಜಿನ ಲೋಟದ ಚಿತ್ರ ಅಂಟಿಸಿ, ನಷ್ಟವಿಲ್ಲ. ಕನ್ವೇಯರ್ ಬೆಲ್ಟ್‌ಗೆ ಓದು ಬರುವುದಿಲ್ಲ ಎಂಬುದಷ್ಟೇ ನೆನಪಿರಲಿ. ವಿಳಾಸ, ಫೋನ್ ನಂಬರನ್ನು ಒಳಪೆಟ್ಟಿಗೆಯ ಮೇಲೂ ಬರೆಯಿಸಿ, ಹೊರಚೀಟಿ ಕಿತ್ತುಹೋದರೆ ಅದೇ ಗತಿ.

ಯಾವುದರಲ್ಲಿ ಕಳಿಸುವುದು

ಇಲ್ಲಿ ಜನ ಬೆಚ್ಚುವುದು ಬಿಲ್ ನೋಡಿ. ಕೊರಿಯರ್‌ಗಳು ತೂಕವನ್ನೂ ಗಾತ್ರವನ್ನೂ ಲೆಕ್ಕಹಾಕಿ, ಹೆಚ್ಚಾದದ್ದಕ್ಕೆ ಹಣ ಹಿಡಿಯುತ್ತವೆ. ಉದ್ದ, ಅಗಲ, ಎತ್ತರ ಗುಣಿಸಿ 5000ರಿಂದ ಭಾಗಿಸುವುದು ರೂಢಿ. ನಮ್ಮ ಪೆಟ್ಟಿಗೆಗೆ 65 × 56 × 42 ಅಂದರೆ 1,52,880, ಭಾಗಿಸಿದರೆ 30.6 ಕಿಲೋ. ತಕ್ಕಡಿಯಲ್ಲಿ ಹದಿನಾರೋ ಹದಿನೇಳೋ ತೂಗುವ ಪೆಟ್ಟಿಗೆಗೆ 31 ಕಿಲೋದ ಬಾಡಿಗೆ. ಕೆಲವರು 4000ರಿಂದ ಭಾಗಿಸುತ್ತಾರೆ, ಆಗ 38ಕ್ಕೂ ಮೇಲೆ. ಮಾರುವವರು ಹೊರಪೆಟ್ಟಿಗೆಯನ್ನು ಕೈಬಿಡುವುದು ಈ ಲೆಕ್ಕ ಕೇಳಿದ ಗಳಿಗೆಯಲ್ಲೇ. ಬಾಡಿಗೆ ಎಷ್ಟಾಗುತ್ತದೆಂದು ಮೊದಲೇ ಲೆಕ್ಕಹಾಕಿ, ಅದನ್ನೂ ಬೆಲೆಯೊಳಗೇ ಸೇರಿಸಿ ಚೌಕಾಸಿ ಮಾಡಿ.

ರಾಜ್ಯದೊಳಗಾದರೆ ಬಸ್ ಪಾರ್ಸೆಲ್ ಹೆಚ್ಚು ಸುರಕ್ಷಿತ ಎಂಬುದು ನಮ್ಮ ಅಭಿಪ್ರಾಯ. ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋ ಇರಲಿ, ಖಾಸಗಿ ಬಸ್ ಇರಲಿ, ನೇರ ಬಸ್ಸಾದರೆ ಒಂದು ಸಲ ಹತ್ತಿಸಿ ಒಂದು ಸಲ ಇಳಿಸುವುದರಲ್ಲಿ ಮುಗಿಯುತ್ತದೆ. ಕೊರಿಯರ್ ಪೆಟ್ಟಿಗೆ ಊರಿನ ಶಾಖೆ, ಹಬ್, ಇನ್ನೊಂದು ಹಬ್, ನಿಮ್ಮೂರ ಶಾಖೆ, ಬೈಕ್ ಎಂದು ಹಲವು ಕೈ ದಾಟುತ್ತದೆ. ಬಸ್‌ನಲ್ಲಿ ಪಾರ್ಸೆಲ್ ಬಿಡಿಸಿಕೊಳ್ಳಲು ನೀವೇ ನಿಲ್ದಾಣಕ್ಕೆ ಹೋಗಬೇಕು, ಅಷ್ಟೇ.

ರಸೀದಿಯಲ್ಲಿ ನಿಜವಾದ ಬೆಲೆ ಬರೆಸಿ. ಓನರ್ಸ್ ರಿಸ್ಕ್ ಎಂದು ಬರೆದಿದ್ದರೆ ನಷ್ಟ ನಿಮ್ಮದು. ವಿಮೆ ಮಾಡಿಸುವಾಗ ಬಳಸಿದ ಎಲೆಕ್ಟ್ರಾನಿಕ್ಸ್‌ಗೆ ಅದು ಅನ್ವಯಿಸುತ್ತದೆಯೇ ಎಂದು ಬಾಯಲ್ಲಿ ಕೇಳಿದರೆ ಸಾಲದು, ಬರಹದಲ್ಲಿ ಪಡೆಯಿರಿ. ಪ್ಯಾಕಿಂಗ್ ಸಾಲದು ಎಂದು ಕ್ಲೇಮ್ ತಿರಸ್ಕರಿಸುವುದು ಸಾಮಾನ್ಯ. ಆ ನಾಲ್ಕು ಫೋಟೊಗಳು ಇಲ್ಲಿಯೂ ಬೇಕು.

ಆಂಪ್ಲಿಫೈಯರ್ ಮತ್ತಿತರ

ಆಂಪ್ಲಿಫೈಯರ್‌ನ ಭಾರವೆಲ್ಲ ಟ್ರಾನ್ಸ್‌ಫಾರ್ಮರ್ ಇರುವ ಕಡೆಗೇ ವಾಲಿರುತ್ತದೆ. ಆ ಬದಿಗೆ ಗಟ್ಟಿ ಫೋಮ್ ಇರಲಿ, ಟ್ರಾನ್ಸ್‌ಫಾರ್ಮರ್‌ನ ಬೋಲ್ಟ್‌ಗಳು ಬಿಗಿಯಾಗಿರಲಿ. ಮುಂಭಾಗದ ಗುಬುಟುಗಳಿಗೆ ಫೋಮ್ ತಾಗಲೇಬಾರದು, ಎರಡೂ ಪಕ್ಕದ ಅಂಚುಗಳಿಗೆ ಆನಿಸಿ ಸೇತುವೆಯಂತೆ ರಟ್ಟು ಕೂರಿಸಿ. ವಾಲ್ವ್ ಆಂಪ್ ಆದರೆ ವಾಲ್ವ್‌ಗಳನ್ನು (ಗಾಜಿನ ಕೊಳವೆಗಳನ್ನು) ಕಳಚಿ, ಯಾವುದು ಯಾವ ಸಾಕೆಟ್‌ನದು ಎಂದು ನಂಬರ್ ಬರೆದು ಬೇರೆಯೇ ಸುತ್ತಿ. ಹಳೆಯ ಸಿಡಿ ಪ್ಲೇಯರ್‌ನ ಹೊಟ್ಟೆಯಡಿ ಲೇಸರ್ ಬಿಗಿಯುವ ಸ್ಕ್ರೂ ಇದೆಯೇ ನೋಡಿ, ಒಳಗೆ ಡಿಸ್ಕ್ ಉಳಿಸಬೇಡಿ. ಸ್ಪೀಕರ್ ಜೋಡಿಯನ್ನು ಕೋನ್‌ಗಳ ಮೇಲೆ ಗಟ್ಟಿ ರಟ್ಟು ಮುಚ್ಚಿ, ತಲಾ ಒಂದು ಪೆಟ್ಟಿಗೆಯಲ್ಲಿ ಕಳಿಸಿ.

ಬಂದ ಮೇಲೆ

ಬಾಗಿಲಲ್ಲೇ ಆರೂ ಮುಖಗಳ ವಿಡಿಯೊ ಮಾಡಿ. ಮೂಲೆ ಜಜ್ಜಿದ್ದರೆ, ಒದ್ದೆಯಾಗಿದ್ದರೆ, ಸಹಿ ಮಾಡುವ ಮುನ್ನ ಅದನ್ನು ರಸೀದಿಯ ಮೇಲೆ ಬರೆಯಿರಿ. ಬಿಚ್ಚುವುದನ್ನು ನಡುವೆ ನಿಲ್ಲಿಸದೆ ಒಂದೇ ವಿಡಿಯೊದಲ್ಲಿ ಹಿಡಿಯಿರಿ.

ಸಿಕ್ಕಿಸಿ ನೋಡುವ ಆತುರ ಬೇಡ. ಮಳೆಯಲ್ಲಿ, ಚಳಿಯಲ್ಲಿ ಬಂದಿದ್ದರೆ ನಾಲ್ಕೈದು ಗಂಟೆ ಕೋಣೆಯ ಬಿಸಿಗೆ ಹೊಂದಿಕೊಳ್ಳಲಿ, ಒಳಗೆ ಕಟ್ಟಿದ ತೇವ ಆರಲಿ. ಸಾಗಣೆಯ ಸ್ಕ್ರೂಗಳನ್ನು ಸಡಿಲಿಸಿ. ಸುರುಳಿಗಳ ಮೇಲಿನ ಫೋಮ್ ತೆಗೆಯಿರಿ, ಮರೆತು ಪ್ಲ್ಯಾಟರ್ ಕೂರಿಸಿದವರು ಎಷ್ಟೋ ಮಂದಿ. ಪ್ಲ್ಯಾಟರನ್ನು ಕೈಯಲ್ಲೇ ತಿರುಗಿಸಿ: ಸದ್ದಿಲ್ಲದೆ ಸುತ್ತಿದರೆ ಸ್ಪಿಂಡಲ್ ನೆಟ್ಟಗಿದೆ, ಉಜ್ಜಿದ ಸದ್ದು ಬಂದರೆ ಕರೆಂಟ್ ಕೊಡಬೇಡಿ. ಸ್ಟೈಲಸ್‌ನ ಕಡ್ಡಿ ನೇರವಾಗಿದೆಯೇ ಎಂದು ಫೋನ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿ.

ಟೋನ್‌ಆರ್ಮ್ ಪರೀಕ್ಷೆ ಕೊನೆಗೆ. ಹೆಡ್‌ಶೆಲ್, ಕೌಂಟರ್‌ವೇಟ್ ಹಾಕಿ, ಮುಳ್ಳಿನ ಗಾರ್ಡ್ ತೆಗೆದು, ಆರ್ಮ್ ಮೇಲೂ ಏಳದೆ ಕೆಳಗೂ ಬೀಳದೆ ಗಾಳಿಯಲ್ಲಿ ತೇಲುವಂತೆ ತೂಗಿಸಿ. ಆ್ಯಂಟಿಸ್ಕೇಟಿಂಗ್ ಸೊನ್ನೆಯಲ್ಲೇ ಇರಲಿ. ಈಗ ಮೆಲ್ಲಗೆ ಊದಿ. ಸಲೀಸಾಗಿ ತೇಲುತ್ತಾ ಹೋದರೆ ಬೇರಿಂಗ್ ಚೆನ್ನಾಗಿದೆ. ಪ್ರತಿ ಸಲವೂ ಅದೇ ಜಾಗದಲ್ಲಿ ತಡೆದು ನಿಂತರೆ ಗುಳಿ ಬಿದ್ದಿದೆ. ಅದನ್ನೂ ವಿಡಿಯೊ ಮಾಡಿ ಅದೇ ದಿನ ಮಾರಿದವರಿಗೂ ಸಾಗಿಸಿದವರಿಗೂ ಬರಹದಲ್ಲಿ ಕಳಿಸಿ. ಎಲ್ಲ ಸರಿಯಿದ್ದರೆ ಕಾರ್ಟ್ರಿಡ್ಜ್ ಕೇಳುವ ಭಾರ ಕೊಡಿ. ಆಡಿಯೊ-ಟೆಕ್ನಿಕಾ ವಿಎಂ95ಇ ಆದರೆ 2 ಗ್ರಾಂ.

ಪೆಟ್ಟಿಗೆಗಳನ್ನು ರದ್ದಿಗೆ ಹಾಕಬೇಡಿ. ಟೇಪ್ ಕೊಯ್ದು ಚಪ್ಪಟೆ ಮಾಡಿ, ಫೋಮ್ ತುಂಡುಗಳ ಮೇಲೆ ತಳ, ನಡು, ಬಲಮೂಲೆ ಎಂದು ಮಾರ್ಕರ್‌ನಲ್ಲಿ ಬರೆದು, ಗೆದ್ದಲು ಹತ್ತದಂತೆ ಗೋಡೆಯಿಂದ ದೂರ ಅಟ್ಟದಲ್ಲಿಡಿ. ರಿಪೇರಿಗೆ ಕಳಿಸುವಾಗ ಅಳೆದು ಕತ್ತರಿಸುವ ಕೆಲಸ ಇನ್ನೊಮ್ಮೆ ಮಾಡಬೇಕಾಗಿ ಬರುವುದಿಲ್ಲ.